ಬಲೂನ್ ಟೈರಿನಿಂದ ಕ್ಲಿಕ್ಕರ್ ತನಕ: ಕ್ವಾಡ್ ಬೈಕ್ ಸಸ್ಪೆನ್ಷನ್ನಿನ ಕಥೆ

ಲೋನಾವಳಕ್ಕೋ, ಗೋವಾಕ್ಕೋ, ಮಡಿಕೇರಿಗೋ ಹೋದಾಗ ನಿಮ್ಮಲ್ಲಿ ಹಲವರು ಎಟಿವಿ, ಅಂದ್ರೆ ಕ್ವಾಡ್ ಬೈಕ್ ಓಡಿಸಿರ್ತೀರಿ. ಅದರ ಶಾಕ್ ಅಬ್ಸಾರ್ಬರ್ ಹತ್ತಿರ ಬಗ್ಗಿ ನೋಡಿದ್ರೆ ಸ್ಪ್ರಿಂಗ್ ಸುತ್ತ ಒಂದು ತಿರುಗಿಸೋ ರಿಂಗ್ ಕಾಣುತ್ತೆ. ದುಬಾರಿ ಗಾಡಿಯಾದ್ರೆ ಒಂದೆರಡು ಸಣ್ಣ ಸ್ಕ್ರೂ ಕೂಡ ಇರುತ್ತೆ, ತಿರುಗಿಸಿದ್ರೆ ಕ್ಲಿಕ್ ಕ್ಲಿಕ್ ಅನ್ನುತ್ತೆ. ಇವತ್ತಿನ ಮಾತು ಆ ರಿಂಗು, ಆ ಸ್ಕ್ರೂಗಳ ಬಗ್ಗೆ. ಅವು ಅಲ್ಲಿಗೆ ಬಂದು ಸೇರಿದ್ದರ ಹಿಂದೆ ಐವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ, ನಡುವೆ ಒಂದು ದೊಡ್ಡ ಕೋರ್ಟ್ ಕೇಸೂ ಇದೆ.

ಕಥೆ ಶುರುವಾಗೋದು 1967ರಲ್ಲಿ, ವ್ಯಾಪಾರದ ಒಂದು ತಾಪತ್ರಯದಿಂದ. ಅಮೆರಿಕದಲ್ಲಿ ಚಳಿಗಾಲ ಬಂತು ಅಂದ್ರೆ ಮೋಟರ್ ಸೈಕಲ್ ಮಾರಾಟ ಇಳಿದುಹೋಗ್ತಿತ್ತು. ಆ ತಿಂಗಳುಗಳಲ್ಲೂ ಡೀಲರ್‌ಗಳು ಮಾರಬಹುದಾದ ಏನಾದ್ರೂ ಮಾಡಿಕೊಡಿ ಅಂತ ಹೋಂಡಾದ ಅಮೆರಿಕನ್ ಶಾಖೆ ಜಪಾನಿಗೆ ಕೇಳಿತು. ಕೆಲಸ ಬಂದದ್ದು ಒಸಾಮು ತಕೆಯುಚಿ ಅನ್ನೋ ಇಂಜಿನಿಯರ್ ಕೈಗೆ. ಅವರು ಬೇರೆ ಬೇರೆ ಸಂಖ್ಯೆಯ ಚಕ್ರಗಳನ್ನು ಹಾಕಿ ನೋಡಿ, ಕೊನೆಗೆ ಮೂರಕ್ಕೆ ನಿಂತರು. ಹಿಮ, ಮರಳು, ಕೆಸರು ಮೂರರ ಮೇಲೂ ಹೂತುಹೋಗದೆ ಓಡಬೇಕಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯ 22 ಇಂಚಿನ ಬಲೂನ್ ಟೈರು. 1970ರಲ್ಲಿ ಯುಎಸ್90 ಅಂತ ಮಾರುಕಟ್ಟೆಗೆ ಬಂದ ಆ 89 ಸಿಸಿ ಗಾಡಿಯೇ ಮುಂದೆ ಎಟಿಸಿ90 ಅಂತ ಹೆಸರಾಯ್ತು. 1971ರ ಜೇಮ್ಸ್ ಬಾಂಡ್ ಸಿನಿಮಾ 'ಡೈಮಂಡ್ಸ್ ಆರ್ ಫಾರೆವರ್'ನಲ್ಲೂ ಕಾಣಿಸಿಕೊಂಡಿತು.

ಈ ಗಾಡಿಯಲ್ಲಿ ಸ್ಪ್ರಿಂಗ್ ಇರಲಿಲ್ಲ, ಶಾಕ್ ಇರಲಿಲ್ಲ. ಇದ್ದ ಸಸ್ಪೆನ್ಷನ್ ಅಂದ್ರೆ ಟೈರಿನೊಳಗಿನ ಗಾಳಿ ಮಾತ್ರ. ಕಾರಿನ ಟೈರಿಗೆ ಮೂವತ್ತು ಪಿಎಸ್‌ಐ ಆಸುಪಾಸು ಗಾಳಿ ಹಾಕ್ತೀವಿ, ಇಂಥ ಟೈರಿಗೆ ಎರಡು ಮೂರು ಪಿಎಸ್‌ಐ ಸಾಕು. ನಿಧಾನಕ್ಕೆ ಹೋಗುವಾಗ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ. ಆದರೆ ಇಲ್ಲೊಂದು ಭೌತಶಾಸ್ತ್ರದ ತೊಡಕಿದೆ. ಗಾಳಿ ಒಳ್ಳೆ ಸ್ಪ್ರಿಂಗ್, ಆದರೆ ಅದರಲ್ಲಿ ಡ್ಯಾಂಪಿಂಗ್ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಅಂದ್ರೆ ಗುಂಡಿಯಿಂದ ಬಂದ ಶಕ್ತಿಯನ್ನು ಅದು ಕರಗಿಸೋದಿಲ್ಲ, ಹಾಗೇ ವಾಪಸ್ ಎಸೆಯುತ್ತೆ. ರಬ್ಬರ್ ಚೆಂಡನ್ನು ನೆಲಕ್ಕೆ ಹೊಡೆದ ಹಾಗೆ. ವೇಗ ಹೆಚ್ಚಿದಷ್ಟೂ ಗಾಡಿ ಪುಟಿಯುತ್ತೆ, ಪುಟಿದಾಗ ಚಕ್ರ ನೆಲ ಬಿಡುತ್ತೆ, ನೆಲ ಬಿಟ್ಟ ಚಕ್ರ ಬ್ರೇಕೂ ಹಿಡಿಯಲ್ಲ, ತಿರುಗೋದೂ ಇಲ್ಲ.

ಉತ್ತರ ಬಂದದ್ದು ಮೋಟೋಕ್ರಾಸ್ ರೇಸಿನಿಂದ. ಬೆಲ್ಜಿಯಂನ ಇಂಜಿನಿಯರ್ ಲೂಸಿಯೆನ್ ಟಿಲ್ಕೆನ್ಸ್, ಹಿಂದಿನ ಚಕ್ರಕ್ಕೆ ಎರಡು ಶಾಕ್ ಬದಲು ಒಂದೇ ಉದ್ದದ ಶಾಕ್ ಕೂರಿಸೋ ವಿನ್ಯಾಸ ಮಾಡಿದ್ದರು. ಯಮಾಹಾ ಅದನ್ನು ತಗೊಂಡಿತು. 1973ರಲ್ಲಿ ಸ್ವೀಡನ್ನಿನ ಹೋಕನ್ ಆಂಡರ್ಸನ್ ಅದೇ ಮೋನೋಶಾಕ್ ಗಾಡಿಯಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದರು. ಅಲ್ಲಿಂದ ಮುಂದೆ ಚಕ್ರ ಮೇಲೆ ಕೆಳಗೆ ಆಡುವ ದೂರ, ಅಂದ್ರೆ ಟ್ರಾವೆಲ್, ಹೆಚ್ಚುತ್ತಾ ಹೋಯ್ತು. 1981ರಲ್ಲಿ ಹೋಂಡಾ ತನ್ನ ಎಟಿಸಿ250ಆರ್ ಮೂರು ಚಕ್ರದ ಗಾಡಿಗೆ ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ ಕೊಟ್ಟಿತು. 1982ರ ಕೊನೆಯ ಹೊತ್ತಿಗೆ ಸುಜುಕಿಯ ಎಲ್‌ಟಿ125 ನಾಲ್ಕನೇ ಚಕ್ರ ತಂತು. 1985ರಲ್ಲಿ ಸುಜುಕಿ ಎಲ್‌ಟಿ250ಆರ್, 1986ರಲ್ಲಿ ಹೋಂಡಾ 250ಆರ್, 1987ರಲ್ಲಿ ಯಮಾಹಾ ಬ್ಯಾನ್ಶೀ ಬಂದವು. ಮುಂದೆ ಎರಡು ತ್ರಿಕೋನಾಕಾರದ ತೋಳು, ಹಿಂದೆ ಸ್ವಿಂಗ್ ಆರ್ಮು, ಒಂದು ಶಾಕು. ಸ್ಪೋರ್ಟ್ ಕ್ವಾಡ್ ಅಂದ್ರೆ ಇವತ್ತಿಗೂ ಇದೇ ರೂಪ.

ಅಷ್ಟರಲ್ಲಿ ಅಮೆರಿಕದ ಆಸ್ಪತ್ರೆಗಳು ತುಂಬುತ್ತಿದ್ದವು. ಗಾಯಗೊಂಡವರಲ್ಲಿ, ಸತ್ತವರಲ್ಲಿ ಮಕ್ಕಳು ಬಹಳ ಇದ್ದರು. ಸರ್ಕಾರ ತಯಾರಕರ ಮೇಲೆ ಕೇಸ್ ಹಾಕಿತು. 1988ರಲ್ಲಿ ನ್ಯಾಯಾಲಯದ ಒಪ್ಪಂದ ಜಾರಿಗೆ ಬಂತು, ಹತ್ತು ವರ್ಷದ ಅವಧಿಗೆ. ಹೊಸ ಮೂರು ಚಕ್ರದ ಗಾಡಿ ಮಾರಾಟ ನಿಂತಿತು. ಕೊಂಡವರಿಗೆ ತರಬೇತಿ ಕೊಡಬೇಕು, 90 ಸಿಸಿಗಿಂತ ದೊಡ್ಡ ಗಾಡಿ 16 ವರ್ಷದೊಳಗಿನವರಿಗೆ ಅಲ್ಲ ಅಂತ ಎಚ್ಚರಿಸಬೇಕು ಅಂತಾಯ್ತು. ತಪ್ಪೆಲ್ಲ ಸಸ್ಪೆನ್ಷನ್ನಿನದು ಅಂತ ನಾನು ಹೇಳ್ತಿಲ್ಲ. ಮೂರು ಚಕ್ರದ ಆಕಾರ, ದೊಡ್ಡವರ ಗಾಡಿ ಮಕ್ಕಳ ಕೈಗೆ ಹೋದದ್ದು, ತರಬೇತಿ ಇಲ್ಲದ್ದು ಎಲ್ಲವೂ ಸೇರಿತ್ತು. ಆದರೆ ಆ ಕೇಸು ಒಂದು ಮಾತನ್ನು ಗಟ್ಟಿ ಮಾಡಿತು: ಈ ಗಾಡಿಯ ಸಮತೋಲನದಲ್ಲಿ ಸವಾರನ ದೇಹವೂ ಒಂದು ಭಾಗ.

ಲೆಕ್ಕ ಹಾಕಿ. 1,200 ಕೆಜಿ ಕಾರಿನಲ್ಲಿ 80 ಕೆಜಿ ಮನುಷ್ಯ ಕೂತ್ರೆ ದೊಡ್ಡ ವ್ಯತ್ಯಾಸ ಇಲ್ಲ. 160 ಕೆಜಿ ಕ್ವಾಡ್ ಮೇಲೆ ಅದೇ ಮನುಷ್ಯ ಕೂತ್ರೆ ಒಟ್ಟು ತೂಕದಲ್ಲಿ ಮೂರನೇ ಒಂದು ಪಾಲು ಅವನೇ! ಕಾರ್ಖಾನೆಯಲ್ಲಿ ಯಾರೋ ಒಬ್ಬ ಸರಾಸರಿ ಸವಾರನಿಗೆ ಅಂತ ಹೊಂದಿಸಿದ ಸ್ಪ್ರಿಂಗ್ ನಿಮಗೆ ಸರಿಹೋಗಲೇಬೇಕು ಅಂತಿಲ್ಲ. ಟ್ಯೂನಿಂಗ್ ಬೇಕಾಗೋದು ಇಲ್ಲೇ.

ಅದಕ್ಕೊಂದು ಕ್ರಮ ಇದೆ. ಮೊದಲು ಟೈರ್ ಪ್ರೆಶರ್, ಯಾಕಂದ್ರೆ ಮೊದಲ ಸ್ಪ್ರಿಂಗ್ ಈಗಲೂ ಅದೇ. ಆಮೇಲೆ ಸ್ಯಾಗ್: ಚಕ್ರ ನೆಲಕ್ಕೆ ತಾಗದ ಹಾಗೆ ಗಾಡಿ ಎತ್ತಿಟ್ಟು ಒಮ್ಮೆ ಅಳೆಯಿರಿ, ಕೆಳಗಿಳಿಸಿ ಸವಾರ ಕೂತ ಮೇಲೆ ಮತ್ತೊಮ್ಮೆ ಅಳೆಯಿರಿ. ಆ ಇಳಿತ ಒಟ್ಟು ಟ್ರಾವೆಲ್‌ನ ಸುಮಾರು ಮೂರನೇ ಒಂದು ಭಾಗ ಇದ್ದರೆ ಸಾಮಾನ್ಯವಾಗಿ ಸರಿ. ಹೆಚ್ಚು ಕಡಿಮೆ ಇದ್ರೆ ರಿಂಗ್ ತಿರುಗಿಸಿ ಪ್ರೀಲೋಡ್ ಬದಲಿಸಬೇಕು.

ಇಲ್ಲಿ ಬಹಳ ಜನ ಎಡವೋದು ಒಂದು ಕಡೆ. ಪ್ರೀಲೋಡ್ ಹೆಚ್ಚಿಸಿದ್ರೆ ಸಾಮಾನ್ಯ ಸ್ಪ್ರಿಂಗ್ ಗಡುಸಾಗಲ್ಲ, ಗಾಡಿ ಎತ್ತರಕ್ಕೆ ನಿಲ್ಲುತ್ತೆ ಅಷ್ಟೇ. ಎತ್ತರ ಹೆಚ್ಚಿದ್ರೆ ಗುರುತ್ವ ಕೇಂದ್ರವೂ ಮೇಲೇರುತ್ತೆ, ತಿರುವಿನಲ್ಲಿ ಮಗುಚೋ ಸಾಧ್ಯತೆಯೂ ಹೆಚ್ಚುತ್ತೆ. ತೀರಾ ಭಾರದ ಸವಾರನಿಗೆ ಬೇಕಾದದ್ದು ಬೇರೆ ಸ್ಪ್ರಿಂಗು.

ಕೊನೆಗೆ ಆ ಸ್ಕ್ರೂಗಳು. ಕಂಪ್ರೆಷನ್ ಅಂದ್ರೆ ಶಾಕ್ ಒತ್ತುವಾಗಿನ ತಡೆ, ರಿಬೌಂಡ್ ಅಂದ್ರೆ ವಾಪಸ್ ಬರುವಾಗಿನ ತಡೆ. ರಿಬೌಂಡ್ ತೀರಾ ಕಡಿಮೆ ಆದ್ರೆ ಹಿಂಭಾಗ ಒದ್ದು ಸವಾರನನ್ನು ಎಸೆಯುತ್ತೆ, 1970ರ ಟೈರಿನ ಹಾಗೇ. ತೀರಾ ಹೆಚ್ಚಾದ್ರೆ ಸಾಲು ಗುಂಡಿಗಳ ಮೇಲೆ ಶಾಕ್ ಪೂರ್ತಿ ಬಿಚ್ಚಿಕೊಳ್ಳೋಕೆ ಸಮಯ ಸಿಗದೆ ಗಾಡಿ ಕುಗ್ಗುತ್ತಾ ಕುಗ್ಗುತ್ತಾ ಕಲ್ಲಿನಂತಾಗುತ್ತೆ. ಒಂದು ಸಲಕ್ಕೆ ಒಂದೇ ಸ್ಕ್ರೂ, ಒಂದೆರಡು ಕ್ಲಿಕ್, ಅದೇ ದಾರಿಯಲ್ಲಿ ಇನ್ನೊಂದು ಸುತ್ತು, ಪುಸ್ತಕದಲ್ಲಿ ಬರೆದಿಡೋದು. ಕೋಡ್ ಡಿಬಗ್ ಮಾಡೋರಿಗೆ ಈ ಶಿಸ್ತು ಹೊಸದೇನಲ್ಲ.

ಬಾಡಿಗೆ ಗಾಡಿಯಲ್ಲಿ ಇದೆಲ್ಲ ಮಾಡೋಕಾಗಲ್ಲ, ನಿಜ. ಆದರೆ ಹತ್ತೋ ಮೊದಲು ಹ್ಯಾಂಡಲ್ ಹಿಡಿದು ಮುಂಭಾಗ ಜೋರಾಗಿ ಅದುಮಿ ಬಿಡಿ. ಒಂದೇ ಸಲ ಮೇಲೆ ಬಂದು ನಿಂತ್ರೆ ಸರಿ. ಎರಡು ಮೂರು ಸಲ ಕುಣಿದ್ರೆ ಡ್ಯಾಂಪರ್ ಸತ್ತಿದೆ, ಬೇರೆ ಗಾಡಿ ಕೇಳಿ. ಒಬ್ಬರಿಗೆ ಅಂತ ಮಾಡಿದ ಕ್ವಾಡ್ ಮೇಲೆ ಮಗುವನ್ನು ಹಿಂದೆ ಕೂರಿಸಿಕೊಳ್ಳಿ ಅಂದ್ರೆ ಬೇಡ ಅನ್ನಿ. ಸಿಗೋಣ, ಇನ್ನೊಂದು ಮಾತಿನ ಜೊತೆ.