ಕೊಲೆನ್ಯೊದ ಎಲುಬು, ಲುಕ್ಕಾದ ಚರ್ಮಪತ್ರ

ಕ್ರಿ.ಶ. 568ರಲ್ಲಿ ದೊರೆ ಆಲ್ಬೊಯಿನ್ ತನ್ನ ಲೊಂಬಾರ್ಡ್ ಜನರನ್ನು ಪನೋನಿಯಾದಿಂದ, ಅಂದರೆ ಇಂದಿನ ಹಂಗೇರಿಯ ಕಡೆಯಿಂದ, ಇಟಲಿಗೆ ಕರೆತಂದ. 774ರಲ್ಲಿ ಷಾರ್ಲ್‌ಮೇನ್ ಅವರ ರಾಜ್ಯವನ್ನು ಗೆದ್ದುಕೊಂಡ. ನಡುವಿನ ಎರಡು ಶತಮಾನಗಳಲ್ಲಿ ಈ ಜರ್ಮಾನಿಕ್ ಜನ ಸ್ಥಳೀಯ ರೋಮನ್ನರೊಡನೆ ಬೆರೆತರೇ, ಯಜಮಾನರಾಗಿ ಬೇರೆಯೇ ಉಳಿದರೇ? ಕಾಲ ಕಳೆದಂತೆ ಅವರು ಹೆಸರಿಗಷ್ಟೇ ಪರಕೀಯರಾಗಿದ್ದರು ಎಂಬುದು ಮ್ಯಾಕಿಯವೆಲ್ಲಿಯ ಅಭಿಪ್ರಾಯ. 1822ರಲ್ಲಿ ಸಾಹಿತಿ ಮಾಂಝೋನಿ ಲೊಂಬಾರ್ಡ್ ಇತಿಹಾಸದ ಮೇಲೆ ಪ್ರಬಂಧವನ್ನೇ ಬರೆದು, ಆ ಮಾತಿಗೆ ಆಧಾರವೇನು ಎಂದು ಕೇಳಿದ. ನನ್ನನ್ನು ಹಳೆಯ ದಾಖಲೆಗಳತ್ತ ಎಳೆದದ್ದು ಅವನ ಆ ಪ್ರಶ್ನೆ.

ಮೊದಲ ಸಾಕ್ಷಿ ಪಾಲ್ ದ ಡೀಕನ್. ಎಂಟನೇ ಶತಮಾನದ ಕೊನೆಯಲ್ಲಿ ಅವನು ಬರೆದ ಲೊಂಬಾರ್ಡರ ಚರಿತ್ರೆಯನ್ನು 1878ರಲ್ಲಿ ಬೆತ್‌ಮನ್ ಮತ್ತು ವೈಟ್ಸ್ ಸಂಪಾದಿಸಿದ ಆವೃತ್ತಿಯಲ್ಲಿ ಓದಬಹುದು. ಪಾಲ್ ಸ್ವತಃ ಲೊಂಬಾರ್ಡ್. ತನ್ನ ವಂಶಾವಳಿಯನ್ನೂ ಕೊಡುತ್ತಾನೆ. 568ರಲ್ಲಿ ಬಂದವನು ಲೆಉಪ್ಕಿಸ್, ಅವನ ಮಗ ಲೊಪಿಕಿಸ್, ಮೊಮ್ಮಗ ಅರಿಕಿಸ್, ಮರಿಮಗ ವಾರ್ನೆಫ್ರಿಟ್, ಆಮೇಲೆ ಪಾಲ್. 610ರ ಸುಮಾರಿಗೆ ದಾಳಿಯಿಟ್ಟ ಅವಾರ್ ಜನ ಲೊಪಿಕಿಸ್‌ನನ್ನು ಸೆರೆ ಹಿಡಿದಾಗ ಅವನಿನ್ನೂ ಹುಡುಗ. ಪಾಲ್ ಹುಟ್ಟಿದ್ದು 720ರ ದಶಕದಲ್ಲಿ. ಹುಡುಗ ಲೊಪಿಕಿಸ್‌ನಿಂದ ಪಾಲ್‌ವರೆಗೆ ಮೂರೇ ತಲೆಮಾರಿನಲ್ಲಿ ನೂರಿಪ್ಪತ್ತು ವರ್ಷ ದಾಟಬೇಕು. ಅಸಾಧ್ಯವೇನಲ್ಲ, ಆದರೆ ನಡುವೆ ಒಂದು ತಲೆಮಾರು ಜಾರಿಹೋಗಿದೆ ಎಂಬ ಸಂಶಯ ಬಲವಾಗುತ್ತದೆ. ಸ್ವಂತ ಮನೆತನದ ನೆನಪೇ ಹೀಗಿದ್ದರೆ ಉಳಿದದ್ದರ ಗತಿಯೇನು?

ಆದರೂ ಅವನ ನಾಲ್ಕನೇ ಪುಸ್ತಕದ ಒಂದು ಜಾಗದಲ್ಲಿ ನಾನು ಬಹಳ ಹೊತ್ತು ನಿಂತೆ. ರಾಣಿ ಥಿಯೊಡೆಲಿಂಡಾ ಮೊನ್ಝಾದಲ್ಲಿ ಕಟ್ಟಿಸಿದ ಅರಮನೆಯ ಚಿತ್ರಗಳಿಂದ ಹಿಂದಿನ ಲೊಂಬಾರ್ಡರ ವೇಷ ತಿಳಿಯುತ್ತದೆ ಎನ್ನುತ್ತಾನೆ: ಸಡಿಲವಾದ ನಾರಿನ ಬಟ್ಟೆ, ಬೋಳಿಸಿದ ಹಿಂದಲೆ, ಬೈತಲೆ ತೆಗೆದು ಬಾಯಿಯವರೆಗೆ ಇಳಿಬಿಟ್ಟ ಮುಂಗೂದಲು. ಕಾಲುಚೀಲದಂಥ ಉಡುಪನ್ನು ಅವರು ಆಮೇಲೆ ರೋಮನ್ನರಿಂದ ಕಲಿತರಂತೆ. ತನ್ನ ಪೂರ್ವಿಕರು ಹೇಗೆ ಕಾಣುತ್ತಿದ್ದರೆಂದು ಹೇಳಲು ಲೊಂಬಾರ್ಡನೊಬ್ಬ ಹಳೆಯ ಚಿತ್ರವನ್ನು ಸಾಕ್ಷಿಗೆ ಕರೆಯಬೇಕಾಯಿತು. ನೂರೆಂಬತ್ತು ವರ್ಷಗಳಲ್ಲಿ ಬದಲಾವಣೆ ಅಷ್ಟು ದೂರ ಸಾಗಿತ್ತು.

ಎಷ್ಟು ಜನ ಬಂದರು ಎಂಬ ಹುಡುಕಾಟ ಮಾತ್ರ ಬೇಗ ಮುಗ್ಗರಿಸಿತು. ಜೊತೆಗೆ ಬಂದ ಸ್ಯಾಕ್ಸನ್ ಗಂಡಸರೇ 20,000ಕ್ಕೂ ಹೆಚ್ಚು ಎಂದು ಪಾಲ್ ಹೇಳುತ್ತಾನೆ. ಗೆಪಿಡರು, ಬಲ್ಗರರು, ಪನೋನಿಯಾದವರು ಇದ್ದರೆಂದೂ ಹೇಳುತ್ತಾನೆ. ಅಂದರೆ ಹೊರಟಾಗಲೇ ಅದು ಬೆರಕೆ ಗುಂಪು. ಇಂದಿನ ಇಟಾಲಿಯನ್ನರ ಡಿಎನ್‌ಎ ನೋಡಿ ಲೆಕ್ಕ ಹಾಕೋಣವೆಂದರೆ, ಉತ್ತರದಿಂದ ಗಾಥರು ಬಂದಿದ್ದಾರೆ, ಫ್ರಾಂಕರು ಬಂದಿದ್ದಾರೆ, ದಕ್ಷಿಣಕ್ಕೆ ನಾರ್ಮನ್ನರು ಬಂದಿದ್ದಾರೆ. ಇವತ್ತಿನ ಮನುಷ್ಯನ ರಕ್ತದಲ್ಲಿ ಸಿಕ್ಕ ಉತ್ತರದ ಗುರುತು ಯಾವ ಶತಮಾನದ್ದೆಂದು ಬಿಡಿಸಿ ಹೇಳುವುದು ಕಷ್ಟ.

ಕಾನೂನಿನ ಪುಸ್ತಕ ಹೆಚ್ಚು ಮಾತಾಡುತ್ತದೆ. ದೊರೆ ರೊಥಾರಿ 643ರಲ್ಲಿ ಹೊರಡಿಸಿದ ಶಾಸನದಲ್ಲಿ 388 ವಿಧಿಗಳಿವೆ. ವಿಷಯ ಲೊಂಬಾರ್ಡರ ವಾಡಿಕೆ, ಭಾಷೆ ಲ್ಯಾಟಿನ್. ಅದರಲ್ಲಿ ರೋಮನ್ನರನ್ನು ಹುಡುಕುತ್ತ ಹೋದರೆ ಸಿಗುವುದು 194ನೇ ವಿಧಿ: ಲೊಂಬಾರ್ಡ್ ಮೂಲದ ದಾಸಿಯನ್ನು ಕೂಡಿದವನು ಅವಳ ಒಡೆಯನಿಗೆ 20 ಸೊಲಿದಸ್ ಚಿನ್ನದ ನಾಣ್ಯ ತೆರಬೇಕು, ರೋಮನ್ ದಾಸಿಯಾದರೆ 12. ಈ ಭೇದವನ್ನು ಓದಿದಾಗ ಮಾಂಝೋನಿಯ ಸಂಶಯ ಗೆದ್ದಂತೆ ತೋರುತ್ತದೆ. ಆದರೆ 727ಕ್ಕೆ ಬಂದರೆ ದೊರೆ ಲಿಯುಟ್‌ಪ್ರಾಂಡ್ ಪತ್ರ ಬರೆಯುವವರಿಗೆ ಆಜ್ಞೆ ಮಾಡುತ್ತಾನೆ: ಬರೆಯುವುದಿದ್ದರೆ ಲೊಂಬಾರ್ಡ್ ಕಾನೂನಿನಂತೆ, ಇಲ್ಲವೇ ರೋಮನ್ ಕಾನೂನಿನಂತೆ ಬರೆಯಿರಿ. ಎರಡನ್ನೂ ಒಬ್ಬನೇ ಬರಹಗಾರ ತಿಳಿದಿರಬೇಕಾದ ಕಾಲ ಬಂದಿತ್ತು.

ಲುಕ್ಕಾ ನಗರದ ಆರ್ಚ್‌ಬಿಷಪ್ಪರ ಭಂಡಾರದಲ್ಲಿ ಎಂಟನೇ ಶತಮಾನದ ಚರ್ಮಪತ್ರಗಳು ದೊಡ್ಡ ಸಂಖ್ಯೆಯಲ್ಲಿ ಉಳಿದಿವೆ: ಹೊಲದ ಮಾರಾಟ, ಚರ್ಚಿಗೆ ದಾನ, ಗೇಣಿ ಕರಾರು. ಅಲ್ಲಿ ಜರ್ಮಾನಿಕ್ ಹೆಸರುಗಳೇ ಹೆಚ್ಚು. ಎಲ್ಲರೂ ಲೊಂಬಾರ್ಡರೇ ಎನ್ನುವಷ್ಟರಲ್ಲಿ ಒಂದೇ ಮನೆಯಲ್ಲಿ ಒಬ್ಬನಿಗೆ ರೋಮನ್ ಹೆಸರು, ಇನ್ನೊಬ್ಬನಿಗೆ ಜರ್ಮಾನಿಕ್ ಹೆಸರು ಕಾಣುತ್ತದೆ. ಹೆಸರಿನಿಂದ ಹುಟ್ಟನ್ನು ಊಹಿಸುವ ದಾರಿ ಅಲ್ಲಿಗೆ ಮುಚ್ಚಿತು. ಇಡೀ ರಾಜ್ಯದಲ್ಲಿ 700ಕ್ಕಿಂತ ಹಿಂದಿನ ಮೂಲ ಪತ್ರಗಳು ಬೆರಳೆಣಿಕೆಯಷ್ಟು. ಬೆರೆಯುವಿಕೆ ನಡೆದಿರಬೇಕಾದ ಆ ಏಳನೇ ಶತಮಾನವೇ ಮೌನವಾಗಿದೆ.

ಬಾಗಿಲು ತೆರೆದದ್ದು ಗೋರಿಗಳಿಂದ. ಕೃಷ್ಣ ವೀರಮಾ, ಪ್ಯಾಟ್ರಿಕ್ ಗಿಯರಿ ಮೊದಲಾದವರ ತಂಡ 2018ರಲ್ಲಿ ಎರಡು ಸ್ಮಶಾನಗಳ 63 ಜನರ ಡಿಎನ್‌ಎ ಫಲಿತಾಂಶ ಪ್ರಕಟಿಸಿತು. ಒಂದು ಹಂಗೇರಿಯ ಸೊಲಾದ್, ಇನ್ನೊಂದು ಟ್ಯೂರಿನ್ ಪಕ್ಕದ ಕೊಲೆನ್ಯೊ. ಎರಡು ಕಡೆಯೂ ಸ್ಮಶಾನ ಒಂದು ದೊಡ್ಡ ಕುಟುಂಬದ ಸುತ್ತ ಬೆಳೆದಿತ್ತು. ಕತ್ತಿ, ಆಭರಣಗಳೊಡನೆ ಮಲಗಿದವರಲ್ಲಿ ಹೆಚ್ಚಿನವರ ವಂಶಮೂಲ ಮಧ್ಯ ಮತ್ತು ಉತ್ತರ ಯುರೋಪಿನದು. ದಕ್ಷಿಣದ ಮೂಲದವರ ಗೋರಿಗಳಲ್ಲಿ ವಸ್ತುಗಳು ತೀರ ಕಡಿಮೆ. ಲೊಂಬಾರ್ಡರು ‘ಫಾರಾ’ ಎಂಬ ಗುಂಪುಗಳಾಗಿ ಬಂದರೆಂದು ಹಳೆಯ ಬರಹಗಳು ಹೇಳುತ್ತವೆ. ಅದು ರಕ್ತಸಂಬಂಧದ ಬಳಗವೋ ದಂಡಯಾತ್ರೆಯ ತುಕಡಿಯೋ ಎಂಬ ವಾದದಲ್ಲಿ ಬಳಗದ ತಟ್ಟೆ ಈಗ ಭಾರವಾಯಿತು.

ಇದನ್ನೂ ತೂಗಿ ನೋಡಬೇಕು. ಸ್ಮಶಾನಗಳು ಎರಡೇ, ಇಟಲಿಯದು ಒಂದೇ. ದಕ್ಷಿಣದ ಮೂಲದವರು ಸೊಲಾದ್‌ನಲ್ಲಿ, ಇಟಲಿ ಸೇರುವ ಮೊದಲೇ, ಇದ್ದರು. ಹಾಗಾಗಿ ಕೊಲೆನ್ಯೊದ ಬಡ ಗೋರಿಯಲ್ಲಿರುವವರೆಲ್ಲ ಸ್ಥಳೀಯ ರೋಮನ್ನರೇ ಎನ್ನಲು ಡಿಎನ್‌ಎ ಒಂದೇ ಸಾಲದು. ಕುಟುಂಬಗಳು ಬಂದವು, ಮೊದಲ ತಲೆಮಾರುಗಳಲ್ಲಿ ಅಂತರ ಇಟ್ಟುಕೊಂಡವು ಎಂಬಷ್ಟನ್ನು ನಾನು ಒಪ್ಪುತ್ತೇನೆ. ಇಡೀ ಇಟಲಿಗೆ ಅದನ್ನು ಹಿಗ್ಗಿಸಲಾರೆ.

ಆಮೇಲೆ ಏನಾಯಿತು ಎಂಬುದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಸಾಕ್ಷಿ ಲಿಯುಟ್‌ಪ್ರಾಂಡ್ 731ರಲ್ಲಿ ಹೊರಡಿಸಿದ 127ನೇ ವಿಧಿ. ರೋಮನ್ ಗಂಡನ್ನು ಕಾನೂನುಬದ್ಧವಾಗಿ ಮದುವೆಯಾದ ಲೊಂಬಾರ್ಡ್ ಹೆಂಗಸು ರೋಮನ್ ಆಗುತ್ತಾಳೆ. ಮಕ್ಕಳು ತಂದೆಯ ಕಾನೂನಿನಂತೆ ರೋಮನ್ನರು. ಇಂಥ ಮದುವೆಗಳ ತಕರಾರು ದೊರೆಯವರೆಗೆ ಬಂದಿದ್ದರಿಂದಲೇ ವಿಧಿ ಹುಟ್ಟಿರಬೇಕು. ಆ ಮನೆಯ ಮಗುವಿನ ಎಲುಬಿನಲ್ಲಿ ತಾಯಿಯ ಉತ್ತರದ ವಂಶ ಕಂಡೀತು, ಆದರೆ ಅಧಿಕಾರಿಯ ಎದುರು ಅದು ರೋಮನ್ ಎಂದೇ ನಿಲ್ಲುತ್ತಿತ್ತು. ಅಷ್ಟು ಹೊತ್ತಿಗೆ ಗೋರಿಯಲ್ಲಿ ವಸ್ತು ಇಡುವ ಪದ್ಧತಿ ನಿಂತಿತ್ತು. ಅಗೆಯುವವರಿಗೆ ಯಾರು ಯಾರೆಂಬ ಸುಳಿವಿಲ್ಲ. ಕೊಲೆನ್ಯೊದಲ್ಲಿ ಎಂಟನೇ ಶತಮಾನದವರೆಗೂ ಹೂಳುತ್ತಿದ್ದರು. ಏನೂ ಇಡದ ಅಂಥ ತಡವಾದ ಗೋರಿಗಳನ್ನೇ, ಇನ್ನೂ ಹತ್ತಾರು ಊರುಗಳಲ್ಲಿ, ಮೊದಲು ಪರೀಕ್ಷಿಸಬೇಕು.