ಕಿರಿದಾದ ಪೆಟ್ಟಿಗೆಯ ಹಿರಿದಾದ ಚರಿತ್ರೆ



ಗಣಕಯಂತ್ರದ ಹೊರಕವಚಕ್ಕೆ ನಮ್ಮಲ್ಲಿ ಎರಡು ಹೆಸರುಗಳಿವೆ. ಅಂಗಡಿಯವರು ಅದನ್ನು ‘ಕ್ಯಾಬಿನೆಟ್’ ಎನ್ನುತ್ತಾರೆ. ಮನೆಯವರು ಒಳಗಿರುವುದೆಲ್ಲವನ್ನೂ ಸೇರಿಸಿ ‘ಸಿಪಿಯು’ ಎಂದುಬಿಡುತ್ತಾರೆ. ವಾಸ್ತವದಲ್ಲಿ ಸಿಪಿಯು ಎಂಬುದು ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬಿಲ್ಲೆ ಮಾತ್ರ. ಅಷ್ಟು ಚಿಕ್ಕ ವಸ್ತುವಿಗೆ ಅಷ್ಟು ದೊಡ್ಡ ಪೆಟ್ಟಿಗೆ ಏಕೆ ಬೇಕಾಯಿತು, ಅದು ಚಿಕ್ಕದಾಗಲು ಇಪ್ಪತ್ತು ವರ್ಷಗಳೇಕೆ ಹಿಡಿದವು ಎಂಬುದನ್ನು ಈ ಬಾರಿ ವಿಚಾರ ಮಾಡೋಣ.

ಇದಕ್ಕೊಂದು ಕಾರಣವುಂಟು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ವಿದ್ಯಾರ್ಥಿವೇತನದಲ್ಲಿ ಉಳಿಸಿದ ಹಣದಿಂದ, ಹಾಸ್ಟೆಲಿನ ಮೇಜಿನ ಮೇಲಿಡಬಹುದಾದ, ರಜೆಯಲ್ಲಿ ಚೀಲದಲ್ಲಿಟ್ಟು ಊರಿಗೆ ಒಯ್ಯಬಹುದಾದ ಪುಟ್ಟ ಕಂಪ್ಯೂಟರನ್ನು ತಾನೇ ಜೋಡಿಸಬೇಕೆಂಬ ಹಂಬಲ ಅವಳದು. ಮೂರು ಕ್ಯಾಬಿನೆಟ್ಟುಗಳ ಚಿತ್ರ ಕಳುಹಿಸಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದಳು. ಆ ಹಣ ಒಮ್ಮೆ ತಪ್ಪು ವಸ್ತುವಿಗೆ ಹೋದರೆ ಮತ್ತೆ ಕೂಡಿಸುವ ಹೊತ್ತಿಗೆ ಅವಳ ಓದೇ ಮುಗಿದಿರುತ್ತದೆ. ಇತಿಹಾಸ ಬೋಧಿಸಿದ ನನಗೆ ಯಾವ ಪ್ರಶ್ನೆಗೂ ಇತಿಹಾಸದ ಮೂಲಕವೇ ಉತ್ತರ ಹುಡುಕುವ ಅಭ್ಯಾಸ. ಆದುದರಿಂದ ಅವಳಿಗೆ ಬರೆದುದನ್ನೇ ತುಸು ವಿಸ್ತರಿಸಿ ಇಲ್ಲಿ ಕೊಡುತ್ತಿದ್ದೇನೆ.

1981ರ ಆಗಸ್ಟ್ 12ರಂದು ಅಮೆರಿಕದ ಐಬಿಎಂ ಸಂಸ್ಥೆ ತನ್ನ ‘ಪರ್ಸನಲ್ ಕಂಪ್ಯೂಟರ್’ ಅನ್ನು ಪ್ರಕಟಿಸಿತು. ಅದರ ಪೆಟ್ಟಿಗೆ ಮೇಜಿನ ಮೇಲೆ ಮಲಗಿರುತ್ತಿತ್ತು, ಅದರ ಬೆನ್ನಿನ ಮೇಲೆ ಪರದೆ ಕುಳಿತಿರುತ್ತಿತ್ತು. ಸುಮಾರು 20 ಅಂಗುಲ ಅಗಲ, 16 ಅಂಗುಲ ಆಳ, ಐದೂವರೆ ಅಂಗುಲ ಎತ್ತರ. ಗುಣಿಸಿ ನೋಡಿದರೆ 28–29 ಲೀಟರಿನಷ್ಟು ಗಾತ್ರ. ಆದರೆ ಅದರ ವಿದ್ಯುತ್ ಪೂರೈಕೆಯ ಘಟಕ, ಅಂದರೆ ನಾವು ಎಸ್‌ಎಂಪಿಎಸ್ ಎನ್ನುವ ಭಾಗ, ಕೊಡುತ್ತಿದ್ದುದು ಕೇವಲ 63.5 ವ್ಯಾಟ್, ಒಂದು ಹಳೆಯ ಬಲ್ಬಿನಷ್ಟು. ಹಾಗಾದರೆ ಪೆಟ್ಟಿಗೆ ಅಷ್ಟು ದೊಡ್ಡದಾದುದು ಶಾಖದಿಂದಲ್ಲ. ಅಗಲವಾದ ಫ್ಲಾಪಿ ಡ್ರೈವುಗಳೂ, ಉದ್ದನೆಯ ಕಾರ್ಡುಗಳನ್ನು ಸಿಕ್ಕಿಸುವ ಐದು ಸ್ಲಾಟುಗಳೂ ಅದರ ಗಾತ್ರವನ್ನು ನಿರ್ಧರಿಸಿದವು.

ಐಬಿಎಂ ತನ್ನ ಯಂತ್ರದ ತಾಂತ್ರಿಕ ವಿವರಗಳನ್ನು ಮುದ್ರಿಸಿ ಮಾರಿತು. ಪರಿಣಾಮವಾಗಿ ಅನೇಕ ಕಂಪನಿಗಳು ಅದೇ ಬಗೆಯ ಯಂತ್ರಗಳನ್ನು ತಯಾರಿಸಿದವು. 1984ರ ಐಬಿಎಂ ‘ಎಟಿ’ ಮಾದರಿಯ ಅಳತೆಗಳೇ ರೂಢಿಯಾದವು. ಬಳಿಕ 1995ರಲ್ಲಿ ಇಂಟೆಲ್ ಸಂಸ್ಥೆ ‘ಎಟಿಎಕ್ಸ್’ ಎಂಬ ಮಾನದಂಡವನ್ನು ಪ್ರಕಟಿಸಿ, ಮದರ್‌ಬೋರ್ಡ್ 305 × 244 ಮಿಲಿಮೀಟರ್ ಇರಬೇಕು, ಸ್ಕ್ರೂ ತೂತುಗಳು ಇಂತಿಂಥಲ್ಲೇ ಇರಬೇಕು ಎಂದು ಗೊತ್ತುಮಾಡಿತು. ಮೀಟರ್ ಗೇಜ್ ಹಳಿಯೂ ಬ್ರಾಡ್ ಗೇಜ್ ಹಳಿಯೂ ಸೇರುವ ನಿಲ್ದಾಣಗಳಲ್ಲಿ ಸರಕನ್ನೆಲ್ಲ ಇಳಿಸಿ ಇನ್ನೊಂದು ಗಾಡಿಗೆ ಏರಿಸಬೇಕಾಗಿದ್ದ ಕಾಲವನ್ನು ಹಿರಿಯರು ಕಂಡಿದ್ದೀರಿ. ಅಳತೆ ಒಂದಾದರೆ ಮಾತ್ರ ಗಾಡಿ ಸರಾಗವಾಗಿ ಓಡುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಬ್ಬರ ಬೋರ್ಡು, ಇನ್ನೊಬ್ಬರ ಪೆಟ್ಟಿಗೆ, ಮತ್ತೊಬ್ಬರ ಎಸ್‌ಎಂಪಿಎಸ್ ಕೊಂಡು ‘ಅಸೆಂಬಲ್ಡ್’ ಕಂಪ್ಯೂಟರ್ ಕಟ್ಟಲು ಸಾಧ್ಯವಾದುದು ಈ ಒಪ್ಪಂದದ ಫಲ.

ಚಿಕ್ಕದರ ಕಡೆಗಿನ ಹೆಜ್ಜೆಗಳೂ ಇಲ್ಲಿಂದಲೇ ಆರಂಭವಾದವು. 1997ರಲ್ಲಿ ‘ಮೈಕ್ರೋ ಎಟಿಎಕ್ಸ್’ ಬಂದಿತು. ಬೋರ್ಡು 244 ಮಿಲಿಮೀಟರಿನ ಚೌಕವಾಯಿತು. ಅದೇ ವರ್ಷ ‘ಎಸ್‌ಎಫ್‌ಎಕ್ಸ್’ ಎಂಬ ಪುಟ್ಟ ಎಸ್‌ಎಂಪಿಎಸ್‌ನ ಅಳತೆಯೂ ನಿಗದಿಯಾಯಿತು: 125 × 100 × 63.5 ಮಿಲಿಮೀಟರ್.

ಇನ್ನು 2000 ಮತ್ತು 2001ರಲ್ಲಿ ನಡೆದ ಎರಡು ಸಂಗತಿಗಳನ್ನು ಜೊತೆಜೊತೆಯಾಗಿ ನೋಡಬೇಕು.

2000ದ ಜುಲೈಯಲ್ಲಿ ಆಪಲ್ ಸಂಸ್ಥೆ ‘ಪವರ್ ಮ್ಯಾಕ್ ಜಿ4 ಕ್ಯೂಬ್’ ಎಂಬ ಯಂತ್ರವನ್ನು ಹೊರತಂದಿತು. ಎಂಟು ಅಂಗುಲದ ಘನಾಕೃತಿ, ಪಾರದರ್ಶಕ ಕವಚ. ಒಳಗೆ ಫ್ಯಾನ್ ಇರಲಿಲ್ಲ. ಬಿಸಿ ಗಾಳಿ ತಾನಾಗಿಯೇ ಮೇಲಕ್ಕೇರಿ ಹೊರಹೋಗುವ ವ್ಯವಸ್ಥೆ. ವಿದ್ಯುತ್ ಘಟಕವನ್ನು ಪೆಟ್ಟಿಗೆಯಿಂದ ಹೊರಗಿಡಲಾಗಿತ್ತು. ಬೆಲೆ 1,799 ಡಾಲರ್. ಅದಕ್ಕಿಂತ ಕಡಿಮೆ ಬೆಲೆಗೆ, ಮುಂದೆ ವಿಸ್ತರಿಸಬಹುದಾದ ದೊಡ್ಡ ಮ್ಯಾಕ್ ದೊರೆಯುತ್ತಿತ್ತು. ಕವಚದಲ್ಲಿ ಬಿರುಕು ಕಾಣುತ್ತದೆಂಬ ದೂರುಗಳೂ ಬಂದವು. 2001ರ ಜುಲೈಯಲ್ಲಿ ಅದರ ತಯಾರಿಕೆ ನಿಂತಿತು. ಇಂದು ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ. ಅದರ ಸೌಂದರ್ಯಕ್ಕೆ ಆ ಸ್ಥಾನ ಸಲ್ಲತಕ್ಕದ್ದೇ.

ಎರಡನೆಯ ಸಂಗತಿಯಲ್ಲಿ ಅಷ್ಟು ಬೆಡಗಿಲ್ಲ. ತೈವಾನಿನ ವಿಯಾ ಟೆಕ್ನಾಲಜೀಸ್ ಸಂಸ್ಥೆ 1999ರಲ್ಲಿ ಸೈರಿಕ್ಸ್, ಸೆಂಟಾರ್ ಎಂಬ ಎರಡು ಸಂಸ್ಕಾರಕ ತಯಾರಕರನ್ನು ಕೊಂಡಿತ್ತು. ಅದರ ‘ಸಿ3’ ಸಂಸ್ಕಾರಕ ವೇಗದಲ್ಲಿ ಇಂಟೆಲ್, ಎಎಂಡಿಗಳಿಗೆ ಸರಿಸಾಟಿಯಲ್ಲ. ಆದರೆ ಅದು ಅತಿ ಕಡಿಮೆ ಬಿಸಿಯಾಗುತ್ತಿತ್ತು. ಬಿಸಿ ಕಡಿಮೆಯಾದುದರಿಂದ ಬೋರ್ಡನ್ನು ಕುಗ್ಗಿಸಬಹುದಾಯಿತು. 2001ರಲ್ಲಿ ವಿಯಾ ‘ಮಿನಿ-ಐಟಿಎಕ್ಸ್’ ಎಂಬ 170 ಮಿಲಿಮೀಟರ್ ಚೌಕದ ಬೋರ್ಡನ್ನು ಮುಂದಿಟ್ಟಿತು. ಅದರ ನಾಲ್ಕು ಸ್ಕ್ರೂ ತೂತುಗಳು ಹಳೆಯ ಎಟಿಎಕ್ಸ್ ಪೆಟ್ಟಿಗೆಯ ತೂತುಗಳಿಗೇ ಹೊಂದುತ್ತಿದ್ದವು. ಅಂದರೆ ಹೊಸ ಚಿಕ್ಕ ಬೋರ್ಡು ಹಳೆಯ ದೊಡ್ಡ ಮನೆಯಲ್ಲೂ ವಾಸಿಸಬಲ್ಲದು. ಸಂಪ್ರದಾಯವನ್ನು ಮುರಿಯದೆ ಅದರೊಳಗೇ ಜಾಗ ಕಂಡುಕೊಂಡ ಈ ಅಳತೆಯೇ ಉಳಿಯಿತು. ಸಿ3 ಸಂಸ್ಕಾರಕ ಮರೆಯಾದರೂ 170 ಮಿಲಿಮೀಟರಿನ ಚೌಕ ಇಂದಿಗೂ ಪುಟ್ಟ ಕಂಪ್ಯೂಟರುಗಳ ಅಡಿಪಾಯವಾಗಿದೆ.

ಬೋರ್ಡಿನ ಅಳತೆ ಎಲ್ಲರದಾದ ಮೇಲೆ ಪೆಟ್ಟಿಗೆಯನ್ನು ಯಾರು ಬೇಕಾದರೂ ರೂಪಿಸಬಹುದಾಯಿತು. ಹವ್ಯಾಸಿಗಳ ನಡುವಿನ ಚರ್ಚೆಯಿಂದ ಹುಟ್ಟಿದ ‘ಎನ್‌ಕೇಸ್ ಎಂ1’ 2013ರಲ್ಲಿ ಬಳಕೆದಾರರ ಮುಂಗಡ ಹಣದಿಂದಲೇ ತಯಾರಾಯಿತು. 24 × 16 × 32.8 ಸೆಂಟಿಮೀಟರ್ ಗುಣಿಸಿ ನೋಡಿ: ಸುಮಾರು 12.6 ಲೀಟರ್. ಐಬಿಎಂ ಪೆಟ್ಟಿಗೆಯ ಅರ್ಧಕ್ಕಿಂತ ಕಡಿಮೆ! 2016ರಲ್ಲಿ ಜರ್ಮನಿಯ ಡ್ಯಾನಿಯಲ್ ಹ್ಯಾನ್ಸನ್ ಎಂಬುವರು ಇದೇ ರೀತಿ ಹಣ ಕೂಡಿಸಿ ‘ಡ್ಯಾನ್ ಎ4-ಎಸ್‌ಎಫ್‌ಎಕ್ಸ್’ ಎಂಬ 7.2 ಲೀಟರಿನ ಪೆಟ್ಟಿಗೆಯನ್ನು ತಂದರು. ಅದರಲ್ಲಿ ಬೋರ್ಡಿನ ಬೆನ್ನ ಹಿಂದೆ ಗ್ರಾಫಿಕ್ಸ್ ಕಾರ್ಡನ್ನು ನಿಲ್ಲಿಸಿ, ನಡುವೆ ಒಂದು ಪಟ್ಟಿಯಂಥ ಕೇಬಲಿನಿಂದ ಎರಡನ್ನೂ ಜೋಡಿಸಲಾಗುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಸಂಸ್ಕಾರಕವನ್ನು ತಣಿಸುವ ಕೂಲರ್ 48 ಮಿಲಿಮೀಟರಿಗಿಂತ ಎತ್ತರ ಇರುವಂತಿಲ್ಲ. 2023ರಲ್ಲಿ ಸ್ವೀಡನ್ನಿನ ಫ್ರ್ಯಾಕ್ಟಲ್ ಡಿಸೈನ್ ಸಂಸ್ಥೆಯ ‘ಟೆರ್ರಾ’ ಎಂಬ 10.4 ಲೀಟರಿನ ಪೆಟ್ಟಿಗೆಯಲ್ಲಿ ನಡುವಿನ ಗೋಡೆಯನ್ನೇ ಆಚೀಚೆ ಸರಿಸಬಹುದು. ಕಾರ್ಡಿಗೆ ಹೆಚ್ಚು ಜಾಗ ಕೊಟ್ಟರೆ ಕೂಲರಿಗೆ ಕಡಿಮೆ, ಕೂಲರಿಗೆ ಕೊಟ್ಟರೆ ಕಾರ್ಡಿಗೆ ಕಡಿಮೆ. ಅವಿಭಕ್ತ ಕುಟುಂಬದ ಪಾಲಿನಂತೆ.

ಹೀಗೆ ಪೆಟ್ಟಿಗೆ ಕುಗ್ಗುತ್ತಿದ್ದ ಕಾಲದಲ್ಲೇ ಅದರೊಳಗಿನ ಒಂದು ವಸ್ತು ಹಿಗ್ಗುತ್ತಿತ್ತು. ಫ್ಲಾಪಿ ಹೋಯಿತು, ಸಿಡಿ ಡ್ರೈವ್ ಹೋಯಿತು, ಹಾರ್ಡ್ ಡಿಸ್ಕಿನ ಜಾಗದಲ್ಲಿ ಚೂಯಿಂಗ್ ಗಮ್ ಪಟ್ಟಿಯಂಥ ಎಸ್‌ಎಸ್‌ಡಿ ಬಂದಿತು. ಗ್ರಾಫಿಕ್ಸ್ ಕಾರ್ಡು ಮಾತ್ರ ಬೆಳೆಯಿತು. 2025ರ ಜನವರಿಯಲ್ಲಿ ಎನ್ವಿಡಿಯಾ ಸಂಸ್ಥೆ ಹೊರತಂದ ‘ಆರ್‌ಟಿಎಕ್ಸ್ 5090’ ಕಾರ್ಡೊಂದೇ 575 ವ್ಯಾಟಿನವರೆಗೆ ಬಯಸುತ್ತದೆ. 1981ರ ಇಡೀ ಯಂತ್ರದ ಒಂಬತ್ತು ಪಟ್ಟು! ಆ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗಿ ಪೆಟ್ಟಿಗೆಯಿಂದ ಹೊರಬರಬೇಕು. ಅಂದು ಗಾತ್ರವನ್ನು ನಿರ್ಧರಿಸಿದ್ದು ಡ್ರೈವು ಮತ್ತು ಸ್ಲಾಟು. ಇಂದು ನಿರ್ಧರಿಸುತ್ತಿರುವುದು ಕಾರ್ಡು ಮತ್ತು ಶಾಖ. ಆಯ್ಕೆಯ ಗುಟ್ಟೆಲ್ಲ ಈ ಒಂದು ಮಾತಿನಲ್ಲಿದೆ.

ಈಗ ಪುಟ್ಟ ಕಂಪ್ಯೂಟರ್ ಕಟ್ಟಹೊರಟ ಮಕ್ಕಳಿಗೆ ನಾಲ್ಕು ಮಾತು.

ಮೊದಲು ಕೆಲಸವನ್ನು ನಿರ್ಧರಿಸಿರಿ. ಬರವಣಿಗೆ, ಪ್ರೋಗ್ರಾಮಿಂಗ್ ಕಲಿಕೆ, ಪಾಠದ ವಿಡಿಯೊ ಇಷ್ಟೇ ಆದರೆ ಸಂಸ್ಕಾರಕದಲ್ಲೇ ಅಡಕವಾಗಿರುವ ಗ್ರಾಫಿಕ್ಸ್ ಧಾರಾಳವಾಗಿ ಸಾಕು. ಆಗ ಐದು ಲೀಟರಿನ ಪೆಟ್ಟಿಗೆಯೂ ದೊಡ್ಡದೇ. ಪ್ರತ್ಯೇಕ ಕಾರ್ಡು ಅಗತ್ಯವಾದರೆ ಅದರ ಉದ್ದ, ಎತ್ತರ, ದಪ್ಪ ಮೂರನ್ನೂ ಕಾಗದದ ಮೇಲೆ ಬರೆದುಕೊಂಡು, ಪೆಟ್ಟಿಗೆಯ ತಯಾರಕರು ಕೊಟ್ಟಿರುವ ಮಿತಿಯೊಂದಿಗೆ ಹೋಲಿಸಿರಿ. ವಿದ್ಯುತ್ ಕೇಬಲ್ ಬಾಗಲೂ ಸ್ಥಳ ಬೇಕೆಂಬುದನ್ನು ಮರೆಯಬಾರದು.

ಎರಡನೆಯದಾಗಿ, ಎಸ್‌ಎಂಪಿಎಸ್ ಯಾವ ಅಳತೆಯದು, ಕೂಲರಿನ ಎತ್ತರ ಎಷ್ಟು ಎಂಬುದನ್ನು ನೋಡಿರಿ. ಎಟಿಎಕ್ಸ್ ಎಸ್‌ಎಂಪಿಎಸ್ ಅಗ್ಗವೆಂದು ಕೊಂಡು, ಎಸ್‌ಎಫ್‌ಎಕ್ಸ್‌ಗೆಂದು ರಚಿತವಾದ ಪೆಟ್ಟಿಗೆಯ ಮುಂದೆ ಕುಳಿತರೆ ಪ್ರಯೋಜನವಿಲ್ಲ.

ಮೂರನೆಯದು ಹಣದ ಲೆಕ್ಕ. ಮಿನಿ-ಐಟಿಎಕ್ಸ್ ಬೋರ್ಡು ಸಾಮಾನ್ಯವಾಗಿ ಮೈಕ್ರೋ ಎಟಿಎಕ್ಸ್‌ಗಿಂತ ತುಟ್ಟಿ. ಮೇಲಾಗಿ ಸ್ಲಾಟು ಒಂದೇ. ಕಂಪ್ಯೂಟರನ್ನು ಹೊತ್ತೊಯ್ಯುವ ಅಗತ್ಯವಿಲ್ಲದವರು ಮೈಕ್ರೋ ಎಟಿಎಕ್ಸ್‌ಗೆ ನಿಂತು, ಉಳಿದ ಹಣವನ್ನು ಮೆಮೊರಿಗೆ ಹಾಕುವುದು ವಿವೇಕ.

ನಾಲ್ಕನೆಯದು ನಮ್ಮ ನೆಲದ ಮಾತು. ವಿಮರ್ಶಕರು ಪೆಟ್ಟಿಗೆಯ ತಾಪವನ್ನು ಅಳೆಯುವುದು ಸಾಮಾನ್ಯವಾಗಿ ತಂಪಾದ ಕೋಣೆಯಲ್ಲಿ. ಫ್ಯಾನ್ ಎಷ್ಟೇ ತಿರುಗಿದರೂ ಒಳಗಿನ ಭಾಗಗಳನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಮೇ ತಿಂಗಳ ಕಲಬುರಗಿಯಲ್ಲಿ 40 ಡಿಗ್ರಿ ದಾಟಿದಾಗ ಎರಡು ಕೋಣೆಗಳ ತಾಪದ ವ್ಯತ್ಯಾಸವನ್ನು ಆ ಅಂಕಿಗಳಿಗೆ ನೀವೇ ಕೂಡಿಸಿಕೊಳ್ಳಬೇಕು. ಆದುದರಿಂದ ಬಿಸಿಲು ಸೀಮೆಯವರು ಎರಡು ಮೂರು ಲೀಟರ್ ಹೆಚ್ಚಾದರೂ ಜಾಲರಿಯ ಗೋಡೆಗಳಿರುವ, ಧೂಳು ತಡೆಯುವ ಪರದೆಯನ್ನು ಬಿಚ್ಚಿ ತೊಳೆಯಬಹುದಾದ ಪೆಟ್ಟಿಗೆಯನ್ನು ಆರಿಸುವುದು ಮೇಲು. ಗಾಜಿನ ಗೋಡೆಯ ಚೆಲುವು ಚಿತ್ರದಲ್ಲಿ ಚೆನ್ನ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಹಾಸಿಗೆ ಒಂದೇ ಇದ್ದ ಕಾಲದಲ್ಲಿ. ಇಂದು ಹಾಸಿಗೆಗಳು ನೂರಾರು. ಕಾಲಿನ ಉದ್ದ ಮೊದಲೇ ತಿಳಿದಿರುವವನಿಗೆ ಮಾತ್ರ ಆ ಆಯ್ಕೆಯಿಂದ ಲಾಭ. ಅಳತೆಪಟ್ಟಿ ಹಿಡಿದು, ಲೆಕ್ಕ ಬರೆದು, ಆಮೇಲೆ ಅಂಗಡಿಗೆ ಹೋಗಿರಿ. ನಿಮ್ಮಲ್ಲಿ ಯಾರಾದರೂ ಈಗಾಗಲೇ ಇಂಥ ಪುಟ್ಟ ಯಂತ್ರವನ್ನು ಕಟ್ಟಿದ್ದರೆ, ಬೇಸಿಗೆಯಲ್ಲಿ ಅದು ಹೇಗೆ ನಡೆಯಿತೆಂದು ದಯವಿಟ್ಟು ಬರೆದು ತಿಳಿಸಿರಿ. ಕಿರಿಯರಿಗೆ ಅದು ಉಪಕಾರವಾದೀತು.