ತೊಗಲಿನ ಹದ

ನಮ್ಮ ನುಡಿಯಲ್ಲಿ 'ಹದ' ಎಂಬುದೊಂದು ಸೊಗಸಾದ ಮಾತಿದೆ. ಮೈಸೂರುಪಾಕಿನ ಸಕ್ಕರೆಗೂ ಹದ, ಬಿತ್ತನೆಯ ನೆಲಕ್ಕೂ ಹದ, ಕುಡುಗೋಲಿನ ಅಲಗಿಗೂ ಹದ, ಸತ್ತ ದನದ ತೊಗಲಿಗೂ ಹದ. ಒಂದು ದಿನ ತರಗತಿಯಲ್ಲಿ ಈ ಮಾತಿನ ಅರ್ಥವಿಸ್ತಾರವನ್ನು ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಹಾಗಾದರೆ ಸರ್, ಹದ ಮಾಡಿದ ತೊಗಲನ್ನು ತಿನ್ನಬಹುದೆ?" ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. "ಚಾಪ್ಲಿನ್ ತಿಂದನಲ್ಲ!" ಎಂದು ಇನ್ನೊಬ್ಬ ಒಗ್ಗರಣೆ ಹಾಕಿದ. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ಅಂದಿಗೆ ಪಾರಾದೆ. ಆದರೆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಮನೆಗೆ ಬಂದಿತು.

ಚಾಪ್ಲಿನ್ ತಿಂದದ್ದೇನೋ ನಿಜ. ೧೯೨೫ರ 'ದಿ ಗೋಲ್ಡ್ ರಷ್' ಚಿತ್ರದಲ್ಲಿ ಹಸಿದ ಅಲೆಮಾರಿ ತನ್ನ ಬೂಟನ್ನು ಬೇಯಿಸಿ, ಅದರ ದಾರಗಳನ್ನು ಶಾವಿಗೆಯಂತೆ ಸುತ್ತಿಕೊಂಡು, ಮೊಳೆಗಳನ್ನು ಮೀನಿನ ಮುಳ್ಳಿನಂತೆ ಚೀಪುತ್ತಾನೆ. ಆ ಬೂಟು ಜ್ಯೇಷ್ಠಮಧುವಿನ ಮಿಠಾಯಿಯಿಂದ ಮಾಡಿದ್ದು. ಆದರೆ ಚಾಪ್ಲಿನ್‌ಗೆ ಈ ಕಲ್ಪನೆ ಹುಟ್ಟಿದ್ದು ನಗೆಯ ಮೂಲದಿಂದಲ್ಲ. ಕ್ಯಾಲಿಫೋರ್ನಿಯಾಕ್ಕೆ ಗಾಡಿ ಕಟ್ಟಿಕೊಂಡು ಹೊರಟು, ೧೮೪೬-೪೭ರ ಚಳಿಗಾಲದಲ್ಲಿ ಸಿಯೆರ್ರಾ ನೆವಾಡ ಬೆಟ್ಟಗಳ ಹಿಮದಲ್ಲಿ ಸಿಕ್ಕಿಬಿದ್ದ ಡಾನರ್ ತಂಡದ ಕಥೆಯನ್ನು ಆತ ಓದಿದ್ದ. ಆ ಜನ ಎತ್ತುಗಳನ್ನು ತಿಂದು ಮುಗಿಸಿದರು. ಅನಂತರ ಗುಡಿಸಲಿಗೆ ಮಾಡಾಗಿ ಹೊದಿಸಿದ್ದ ಎತ್ತಿನ ತೊಗಲನ್ನೇ ಇಳಿಸಿ, ಕೂದಲು ಸುಟ್ಟು ಕುದಿಸಿ, ಅಂಟಿನಂತಹ ಗಂಜಿಯನ್ನು ಕುಡಿದರು. ಮಾಡು ಹೊಟ್ಟೆಗಿಳಿದಂತೆಲ್ಲ ಮೇಲಿನಿಂದ ಹಿಮ ಒಳಗಿಳಿಯಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಅವರು ತಿಂದದ್ದು ಹಸಿ ತೊಗಲು ಒಣಗಿದ್ದು. ಹದ ಮಾಡಿದ ಚರ್ಮವಲ್ಲ. ತೊಗಲಿನ ಮುಖ್ಯ ದ್ರವ್ಯ ಕೊಲಾಜೆನ್ ಎಂಬ ಸಸಾರಜನಕ. ಅದನ್ನು ನೀರಿನಲ್ಲಿ ಬಹಳ ಹೊತ್ತು ಕುದಿಸಿದರೆ ಹೆಣಿಗೆ ಬಿಚ್ಚಿಕೊಂಡು ಜೆಲಟಿನ್ ಆಗುತ್ತದೆ. ಇದು ತಿನ್ನುವ ಪದಾರ್ಥವೇ. ನೈಜೀರಿಯಾದಲ್ಲಿ ದನದ ತೊಗಲಿನ 'ಪೊನ್ಮೊ' ಇಂದಿಗೂ ಮಾರುಕಟ್ಟೆಯ ಸಾಮಾನ್ಯ ಸರಕು. ಅಪ್ಪಟ ಸಸ್ಯಾಹಾರಿಗಳಾದ ನಾವು ವೈದ್ಯರು ಕೊಟ್ಟ ಕ್ಯಾಪ್ಸೂಲನ್ನು ನುಂಗುವಾಗ, ಅದರ ಸಿಪ್ಪೆ ಸಾಮಾನ್ಯವಾಗಿ ಯಾವುದರಿಂದ ಆದದ್ದೆಂದು ವಿಚಾರಿಸುವುದಿಲ್ಲ. ಇರಲಿ.

ಹದ ಮಾಡುವುದೆಂದರೆ ಈ ಹೆಣಿಗೆ ಬಿಚ್ಚದಂತೆ ಬಿಗಿಯುವುದು. ನಮ್ಮ ಕಡೆ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ತಂಗಡಿಯ ಚಕ್ಕೆ ಮತ್ತು ಅಳಲೆಕಾಯಿಯ ನೀರಿನಲ್ಲಿ ಹಾಕುತ್ತಿದ್ದರು. ಅಳಲೆಕಾಯಿಯ ಚೂರನ್ನು ಬಾಯಲ್ಲಿಟ್ಟುಕೊಂಡವರಿಗೆ ಅದರ ಒಗರು ಗೊತ್ತು, ನಾಲಗೆ ಹಿಡಿದುಕೊಂಡಂತಾಗುತ್ತದೆ. ಆ ಒಗರೇ ತೊಗಲನ್ನೂ ಹಿಡಿಯುವುದು. ಹೀಗೆ ಬಿಗಿದುಕೊಂಡ ಚರ್ಮ ಕೊಳೆಯುವುದಿಲ್ಲ; ಯಾವ ಕಾರಣಕ್ಕೆ ಕೊಳೆಯುವುದಿಲ್ಲವೋ ಅದೇ ಕಾರಣಕ್ಕೆ ಜೀರ್ಣವೂ ಆಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಕ್ರೋಮಿಯಂ ಲವಣಗಳ ಹದವಂತೂ ಕುದಿಯುವ ನೀರಿಗೂ ಜಗ್ಗದು. ಕಾಲಿಗೆ ಬಂದ ಹದ ಹೊಟ್ಟೆಗೆ ಒಗ್ಗದು ಎಂದು ಆ ಹುಡುಗನಿಗೆ ಹೇಳಬಹುದಾಗಿತ್ತು. ನಮ್ಮ ಸೊಗಸಾದ ತೊಗಲುಗೊಂಬೆಗಳು ಬೆಳಕು ಹಾಯುವ, ಒಗರು ಹಾಕದ ತೊಗಲು. ಬಣ್ಣವನ್ನು ಬಿಟ್ಟರೆ ಅವು ಡಾನರ್ ತಂಡದ ಗಂಜಿಗೆ ಹೆಚ್ಚು ಹತ್ತಿರ. ಈ ವಿದ್ಯೆಯನ್ನು ಬಲ್ಲವರನ್ನು ಊರ ಹೊರಗಿಟ್ಟು, ಅವರ ಕೈಯ ಫಲವಾದ ಮೃದಂಗವನ್ನು ಮಾತ್ರ ದೇವರ ಸನ್ನಿಧಿಗೆ ತಂದುಕೊಂಡ ಸಮಾಜ ನಮ್ಮದು ಎಂಬುದನ್ನೂ ಇಲ್ಲಿ ಹೇಳದೆ ಇರಲಾರೆ.

ಇತಿಹಾಸದಲ್ಲಿ ತೊಗಲು ತಿಂದ ಪ್ರಸಂಗಗಳು ಬಹಳ. ಕ್ರಿ.ಶ. ೭೦ರಲ್ಲಿ ರೋಮನರು ಜೆರುಸಲೇಮಿಗೆ ಮುತ್ತಿಗೆ ಹಾಕಿದಾಗ ಜನ ನಡುಪಟ್ಟಿ, ಕೆರ, ಗುರಾಣಿಯ ತೊಗಲನ್ನು ಕಚ್ಚಿದರೆಂದು ಜೋಸೆಫಸ್ ಬರೆದಿದ್ದಾನೆ. ೧೫೨೦ರ ನವೆಂಬರಿನಲ್ಲಿ ಶಾಂತಸಾಗರವನ್ನು ಹೊಕ್ಕ ಮ್ಯಾಗೆಲನ್ನನ ನಾವಿಕರು ಮೂರು ತಿಂಗಳಿಗೂ ಹೆಚ್ಚು ಕಾಲ ಹೊಸ ಆಹಾರವನ್ನೇ ಕಾಣಲಿಲ್ಲ. ಹಡಗಿನ ಹಗ್ಗ ಸವೆಯದಿರಲೆಂದು ಅಡ್ಡಮರಕ್ಕೆ ಸುತ್ತಿದ್ದ ಎತ್ತಿನ ತೊಗಲು ಬಿಸಿಲುಗಾಳಿಗೆ ಕಲ್ಲಾಗಿತ್ತು. ಅದನ್ನು ನಾಲ್ಕೈದು ದಿನ ಸಮುದ್ರದಲ್ಲಿ ನೆನೆಹಾಕಿ, ಕೆಂಡದ ಮೇಲಿಟ್ಟು ತಿಂದರೆಂದು ಜೊತೆಯಲ್ಲಿದ್ದ ಪಿಗಫೆಟ್ಟ ಹೇಳುತ್ತಾನೆ. ಇಲಿಯೊಂದಕ್ಕೆ ಅರ್ಧ ಡುಕಾಟು ಬೆಲೆ. ಅಷ್ಟು ಕೊಟ್ಟರೂ ಸಿಗುತ್ತಿರಲಿಲ್ಲವಂತೆ.

ಆದರೆ ಈ ವಿಷಯದಲ್ಲಿ ನಾನು ಎಲ್ಲರಿಗಿಂತ ಹೆಚ್ಚು ನಂಬುವ ಸಾಕ್ಷಿ ಝಾನ್ ದ ಲೇರಿ ಎಂಬ ಫ್ರೆಂಚ್ ಪಾದ್ರಿ. ಈತ ಬದುಕಿನಲ್ಲಿ ಎರಡು ಬಾರಿ ತೊಗಲು ತಿಂದವನು. ತರುಣನಾಗಿ ಬ್ರೆಜಿಲಿಗೆ ಹೋಗಿ ಅಲ್ಲಿನ ತುಪಿನಾಂಬ ಜನರ ನಡುವೆ ಕೆಲಕಾಲ ಇದ್ದು, ೧೫೫೮ರಲ್ಲಿ ಹಿಂದಿರುಗುವಾಗ ಹಡಗಿನಲ್ಲಿ ಆಹಾರ ಮುಗಿಯಿತು. ಟೇಪಿರ್ ಎಂಬ ಪ್ರಾಣಿಯ ದಪ್ಪ ತೊಗಲಿನಿಂದ ಮಾಡಿದ ಗುರಾಣಿಗಳು ಹಡಗಿನಲ್ಲಿದ್ದವು. ಮೊದಲು ನೀರಿನಲ್ಲಿ ಬೇಯಿಸಿ ನೋಡಿದರು, ಸರಿಹೋಗಲಿಲ್ಲ. ಕೆಂಡದ ಮೇಲೆ ಸುಟ್ಟು, ಕರಕಲನ್ನು ಹೆರೆದು ತಿಂದಾಗ ಹಂದಿಯ ಚರ್ಮ ಸುಟ್ಟ ರುಚಿ ಬಂದಿತಂತೆ.

ಹದಿನೈದು ವರ್ಷಗಳ ಮೇಲೆ ಈ ಅನುಭವ ಮತ್ತೆ ಬೇಕಾಯಿತು. ೧೫೭೨ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರ ಹತ್ಯಾಕಾಂಡ ನಡೆದಾಗ ಬದುಕಿ ಉಳಿದ ಹಲವರು ಲುವಾರ್ ನದಿಯ ಬಳಿಯ ಸಾಂಸೇರ್ ಎಂಬ ಬೆಟ್ಟದೂರನ್ನು ಸೇರಿಕೊಂಡರು. ಲೇರಿಯೂ ಅಲ್ಲಿದ್ದ. ರಾಜನ ಸೈನ್ಯ ೧೫೭೩ರ ಜನವರಿಯಿಂದ ಆಗಸ್ಟಿನವರೆಗೆ ಊರನ್ನು ಮುತ್ತಿತು. ಕತ್ತೆ, ಕುದುರೆ, ಬೆಕ್ಕು, ಇಲಿ ಮುಗಿದ ಮೇಲೆ ಊರಿನಲ್ಲಿದ್ದ ಎತ್ತು, ಹಸು, ಕುರಿಗಳ ಒಣ ತೊಗಲಿಗೆ ಸರದಿ ಬಂದಿತು. ಲೇರಿ ಇದನ್ನೆಲ್ಲ ಪಾಕಶಾಸ್ತ್ರದಂತೆ ಬರೆದಿಟ್ಟಿದ್ದಾನೆ: ತೊಗಲು ಎಷ್ಟು ಒಣಗಿದೆಯೆಂಬುದನ್ನು ನೋಡಿಕೊಂಡು ಒಂದೆರಡು ದಿನ ನೆನೆಸಬೇಕು, ಕೂದಲು ಹೆರೆಯಬೇಕು, ಮೆತ್ತಗಾಗುವವರೆಗೆ ಕುದಿಸಬೇಕು, ಬಳಿಕ ಹುರಿಯಬಹುದು. ತೊಗಲೂ ತೀರಿದಾಗ ಚರ್ಮಪತ್ರಗಳು ಒಲೆಗೆ ಬಂದವು. ಹಳೆಯ ಪುಸ್ತಕಗಳು, ದಸ್ತಾವೇಜುಗಳು, ಹಕ್ಕುಪತ್ರಗಳು! ತಟ್ಟೆಗೆ ಬಡಿಸಿದ ತುಂಡಿನ ಮೇಲೆ ಅಕ್ಷರಗಳನ್ನು ಇನ್ನೂ ಓದಬಹುದಾಗಿತ್ತು ಎನ್ನುತ್ತಾನೆ. ಪುಸ್ತಕಗಳನ್ನೇ ನಂಬಿ ಸಂಬಳ ಎಣಿಸುವ ನನ್ನಂಥವನಿಗೆ ಇದನ್ನು ಓದಿದಾಗ ಮೈ ಝುಮ್ಮೆಂದಿತು. ಕೊನೆಕೊನೆಗೆ ಕುದುರೆಯ ಪಟ್ಟಿಗಳು, ಗೊರಸುಗಳು, ಲಾಂದ್ರದ ಕೊಂಬಿನ ಹಾಳೆಗಳು.

ಚರ್ಮಪತ್ರವೂ ಒಗರು ಕಾಣದ ತೊಗಲೇ ಎಂಬುದನ್ನು ವಾಚಕರು ನೆನೆಯಬೇಕು. ಊರಿನ ಜನ ರಸಾಯನಶಾಸ್ತ್ರ ಓದಿರಲಿಲ್ಲ; ಆದರೂ ಕುದಿಸಿ ಮೆತ್ತಗಾಗುವುದನ್ನು ಮೊದಲು ತಿಂದರು, ಆಗದ್ದನ್ನು ಕಡೆಗೆ ಬಿಟ್ಟುಕೊಂಡರು. ಇಷ್ಟಾದರೂ ಆಯುಧಗಳಿಂದ ಸತ್ತವರಿಗಿಂತ ಹಲವು ಪಟ್ಟು ಜನ ಹಸಿವಿನಿಂದಲೇ ಸತ್ತರು. ಗಂಡಹೆಂಡಿರಿಬ್ಬರು ತಮ್ಮ ಮಗಳ ಹೆಣವನ್ನೇ ತಿಂದ ಪ್ರಸಂಗವನ್ನು ಲೇರಿ ಕಣ್ಣಾರೆ ಕಂಡ. ತುಪಿನಾಂಬರು ಸೆರೆಸಿಕ್ಕ ಶತ್ರುವನ್ನು ತಿನ್ನುವುದನ್ನು ಬಲ್ಲ ಆತನಿಗೆ ಅಲ್ಲಿ ಆಗದ ಹೇಸಿಕೆ ತನ್ನ ದೇಶದ ಅಡಿಗೆಮನೆಯಲ್ಲಿ ಆಯಿತು. 'ಕಾಡುಜನ' ಎಂಬ ಮಾತನ್ನು ಆಮೇಲೆ ಆತ ಬಹಳ ಎಚ್ಚರದಿಂದ ಬಳಸಿದ.

ಬೆಂದ ತೊಗಲು ಜೀವ ಉಳಿಸುತ್ತದೆಯೆ? ಈ ಪ್ರಶ್ನೆ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯವರೆಗೂ ಹೋಗಿತ್ತು. ಮೂಳೆಯ ಜೆಲಟಿನ್ ಸಾರನ್ನು ಆಸ್ಪತ್ರೆಯ ಬಡವರಿಗೆ ಕೊಟ್ಟರೆ ಮಾಂಸದ ಖರ್ಚು ಉಳಿಯುವುದೆಂದು ಅಲ್ಲಿ ದಾರ್ಸೆ ಎಂಬವನು ಸಾಧಿಸುತ್ತಿದ್ದ. ಅಕಾಡೆಮಿಯ ಸಮಿತಿ ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿ, ೧೮೪೧ರಲ್ಲಿ ಮಜಾಂಡಿಯ ವರದಿ ಬಂದಿತು: ಬರಿಯ ಜೆಲಟಿನ್ ತಿಂದ ಪ್ರಾಣಿ ಸೊರಗುತ್ತದೆ. ಟ್ರಿಪ್ಟೊಫಾನ್ ಎಂಬ ಅತ್ಯಗತ್ಯ ಅಂಶ ಅದರಲ್ಲಿ ಇಲ್ಲವೆಂಬುದು ಎಷ್ಟೋ ಕಾಲದ ಮೇಲೆ ಗೊತ್ತಾದ ಕಾರಣ. ಮುತ್ತಿಗೆಯ ಲೆನಿನ್‌ಗ್ರಾಡಿನಲ್ಲಿ, ೧೯೪೧ರ ನವೆಂಬರಿನಿಂದ ಕೆಲವು ವಾರ ದುಡಿಯದವರಿಗೆ ದಿನಕ್ಕೆ ೧೨೫ ಗ್ರಾಂ ರೊಟ್ಟಿ ಸಿಗುತ್ತಿದ್ದಾಗ, ಜನ ಬಡಗಿಯ ಅಂಟನ್ನೂ ಸೊಂಟದ ಪಟ್ಟಿಯನ್ನೂ ಕುದಿಸಿದರು. ಅಂಟಿನಿಂದ ಆದದ್ದು ಈ ಜೆಲಟಿನ್ನೇ. ಸಾವನ್ನು ಕೆಲವು ದಿನ ಮುಂದೂಡುವ ಆಹಾರ.

ಇಂಗ್ಲಿಷ್ ಓದಿದವರಿಗೆ ಈ ಪ್ರಸ್ತಾಪದಲ್ಲಿ ಮೊದಲು ನೆನಪಾಗುವ ಹೆಸರು ಜಾನ್ ಫ್ರಾಂಕ್ಲಿನ್. 'ಬೂಟು ತಿಂದ ಮನುಷ್ಯ'. ಆತನ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕೆನಡಾದ ಉತ್ತರ ಕರಾವಳಿಯ ನಕ್ಷೆ ತೆಗೆಯಲು ಬ್ರಿಟಿಷ್ ನೌಕಾದಳ ಕಳುಹಿಸಿದ ಈ ಅಧಿಕಾರಿ ೧೮೨೧ರ ಬೇಸಗೆಯಲ್ಲಿ ಕಾಪರ್‌ಮೈನ್ ನದಿಯಲ್ಲಿ ಇಳಿದು ಸಮುದ್ರ ಸೇರಿ, ದೋಣಿಯಲ್ಲಿ ಪೂರ್ವಕ್ಕೆ ಹೋದ. ಆಗಸ್ಟ್ ಹದಿನೆಂಟರವರೆಗೂ ಮುಂದುವರಿದದ್ದು ಹೆಚ್ಚಾಯಿತು. ಹಿಂದಿರುಗುವ ದಾರಿ ಮರವಿಲ್ಲದ ಬಯಲು, ಬೇಟೆ ಸಿಗಲಿಲ್ಲ. ಬಂಡೆಗೆ ಅಂಟಿದ ಕಲ್ಲುಹೂವನ್ನು ಕೆರೆದು ಬೇಯಿಸಿದರು. ಅದು ನಮ್ಮ ಮಸಾಲೆಗೆ ಬೀಳುವ ಕಲ್ಲುಹೂವಿನ ದೂರದ ನೆಂಟ, ಆದರೆ ಹಲವರಿಗೆ ಹೊಟ್ಟೆ ಕೆಡಿಸಿತು. ಅದರ ಜೊತೆಗೆ ಹಳೆಯ ಪಾದರಕ್ಷೆಗಳನ್ನು ತಿಂದರು. ಆ ಸೀಮೆಯ ಪಾದರಕ್ಷೆ ಲಂಡನ್ನಿನ ಬೂಟಲ್ಲ, ಜಿಂಕೆಯ ತೊಗಲಿನ ಮೊಕಾಸಿನ್. ಅಲ್ಲಿನ ಮೂಲನಿವಾಸಿಗಳು ತೊಗಲನ್ನು ಪ್ರಾಣಿಯ ಮಿದುಳಿನಿಂದ ಉಜ್ಜಿ ಹೊಗೆ ಹಾಕುವವರು. ಚಕ್ಕೆಯ ಒಗರು ಅದಕ್ಕೆ ತಾಗಿರುವುದಿಲ್ಲ. ಬೂಟಿನ ಬಿರುದಿನಲ್ಲಿ ಬೂಟು ಅಷ್ಟಾಗಿ ಇಲ್ಲ.

ಅಕ್ಟೋಬರಿನಲ್ಲಿ ಫ್ರಾಂಕ್ಲಿನ್ ತಾನು ಹಿಂದಿನ ಚಳಿಗಾಲ ಕಳೆದ ಫೋರ್ಟ್ ಎಂಟರ್‌ಪ್ರೈಸಿಗೆ ತಲುಪಿದಾಗ ಅದು ಬರಿದಾಗಿತ್ತು. ಹೋದ ವರ್ಷ ಬಿಸಾಡಿದ್ದ ಜಿಂಕೆಯ ತೊಗಲನ್ನೂ ಬೂದಿಗುಡ್ಡೆಯ ಮೂಳೆಯನ್ನೂ ಹೆಕ್ಕಿ ಕುದಿಸಿಕೊಂಡು ತಿಂಗಳು ಹತ್ತಿರ ಬದುಕಿದರು. ಹಿಂದೆ ಉಳಿದಿದ್ದ ಗುಂಪಿನಲ್ಲಿ ಹುಡ್ ಎಂಬ ತರುಣ ಅಧಿಕಾರಿ ಗುಂಡಿಗೆ ಬಲಿಯಾದ. ಕೊಂದವನೆಂದೂ ನರಮಾಂಸ ತಿಂದವನೆಂದೂ ಸಂಶಯಪಟ್ಟು, ಮಿಷೆಲ್ ಎಂಬ ಇರೊಕ್ವಾ ಕೂಲಿಯವನನ್ನು ರಿಚರ್ಡ್‌ಸನ್ ಗುಂಡಿಕ್ಕಿದ. ಬದುಕಿದವರು ಬರೆದದ್ದನ್ನಷ್ಟೇ ನಾವು ಓದುತ್ತೇವೆ.

ಸಮುದ್ರತೀರಕ್ಕೆ ಹೋದವರು ಇಪ್ಪತ್ತು ಜನ, ಸತ್ತವರು ಹನ್ನೊಂದು. ಈ ಲೆಕ್ಕವನ್ನು ಪಠ್ಯಗಳಲ್ಲಿ ಇಷ್ಟಕ್ಕೇ ನಿಲ್ಲಿಸುತ್ತಾರೆ. ಬಿಡಿಸಿ ನೋಡಿದರೆ, ಬ್ರಿಟಿಷರು ಐವರು, ಸತ್ತವನು ಒಬ್ಬ. ಉಳಿದ ಹದಿನೈದು ಮಂದಿ ಹೊರೆ ಹೊತ್ತ ವೊಯಾಜರ್‌ಗಳು, ದುಭಾಷಿಗಳು, ಇಬ್ಬರು ಇನುಯಿಟರು. ಅವರಲ್ಲಿ ಸತ್ತವರು ಹತ್ತು. ಪಡಿ ಎಲ್ಲರಿಗೂ ಒಂದೇ ಇದ್ದಿರಬಹುದು. ಬೆನ್ನ ಮೇಲಿನ ಭಾರ ಒಂದೇ ಆಗಿರಲಿಲ್ಲ. ಕೂಲಿಯವನೊಬ್ಬನ ಹೊರೆ ಸುಮಾರು ೯೦ ಪೌಂಡು. ಫ್ರಾಂಕ್ಲಿನ್ ೧೮೨೨ರಲ್ಲಿ ಕ್ಯಾಪ್ಟನ್ ಆದ. ೧೮೨೩ರಲ್ಲಿ ಅವನ ಪುಸ್ತಕ ಹೊರಬಂದು ಜನಪ್ರಿಯವಾಯಿತು.

ಅದೇ ಪುಸ್ತಕದಲ್ಲಿ, ಬಿರುದಿನ ಸದ್ದಿನಲ್ಲಿ ಮರೆತುಹೋದ ಕೆಲವು ಪುಟಗಳಿವೆ. ಮುಂದೆ ಹೋಗಿದ್ದ ಬ್ಯಾಕ್ ಎಂಬ ಅಧಿಕಾರಿಯಿಂದ ಸುದ್ದಿ ತಿಳಿದು, ನವೆಂಬರ್ ಏಳರಂದು ಆ ಸೀಮೆಯ ಯೆಲ್ಲೋನೈಫ್ ಪಂಗಡದ ಬೇಟೆಗಾರರು ಮಾಂಸ ಹೊತ್ತುಕೊಂಡು ಬಂದರು. ಹೊಲಸಾಗಿದ್ದ ಕೋಣೆಯನ್ನು ಗುಡಿಸಿದರು, ಕೂಸುಗಳಿಗೆ ಉಣಿಸುವಂತೆ ಉಣಿಸಿದರು. ಹೊರಟಾಗ ತಮ್ಮ ಹಿಮಪಾದುಕೆಗಳನ್ನು ಇವರ ಕಾಲಿಗೆ ಕಟ್ಟಿ, ತಾವು ಬರಿದೇ ನಡೆದು, ಬಿದ್ದವರನ್ನು ಎತ್ತುತ್ತ ಕರೆದೊಯ್ದರು. ಅವರ ನಾಯಕ ಅಕೈಚೊಗೆ ಕೊಡುತ್ತೇವೆಂದಿದ್ದ ಪ್ರತಿಫಲದ ಸರಕು ಆ ಡಿಸೆಂಬರಿನಲ್ಲೂ ಬಂದಿರಲಿಲ್ಲ. ಅದನ್ನು ತಿಳಿಸಿದಾಗ ಆತ, ಕಾಲ ಕೆಟ್ಟಿದೆ, ನೀವೂ ಬಡವರು, ವ್ಯಾಪಾರಿಗಳೂ ಬಡವರು, ನಾವೂ ಬಡವರು, ನಿಮಗೆ ಅನ್ನ ಕೊಟ್ಟದ್ದಕ್ಕೆ ಪಶ್ಚಾತ್ತಾಪವಿಲ್ಲ ಎಂಬ ಅರ್ಥದ ಮಾತು ಹೇಳಿದ. ಆಮೇಲೆ, ಬಿಳಿಯರು ನಮ್ಮವರಿಗೆ ಸಾಲಗಾರರಾದದ್ದು ಇದೇ ಮೊದಲು ಎಂದು ನಗೆಯಾಡಿದನಂತೆ.